ಕಿಟಕಿಯೊಳಗೊಂದು ಕಿಟಕಿ

ಗಣಕದಲ್ಲಿ ನಾವು ದಿನವೂ ತೆರೆಯುವ ಅನೇಕ ತಂತ್ರಾಂಶಗಳ ಒಳಗೆ ಒಂದು ಬ್ರೌಸರ್ ಅಡಗಿ ಕುಳಿತಿರುತ್ತದೆ. ಅದಕ್ಕೆ ವಿಳಾಸದ ಪಟ್ಟಿಯಿಲ್ಲ, ಹಿಂದೆ ಮುಂದೆ ಹೋಗುವ ಗುಂಡಿಗಳಿಲ್ಲ. ಆದುದರಿಂದ ಅದು ಬ್ರೌಸರ್ ಎಂದು ಬಳಸುವವರಿಗೆ ತೋಚುವುದೇ ಇಲ್ಲ. ಲಾಗಿನ್ ಕೇಳುವ ಚಿಕ್ಕ ಚೌಕ, ಸಹಾಯದ ಪುಟ, ಅಂದವಾಗಿ ಮೂಡುವ ವರದಿ, ಇವೆಲ್ಲ ಬಹುಪಾಲು ಅದರ ಕೈಕೆಲಸ. ಪ್ರೋಗ್ರಾಮರುಗಳ ಮೆಚ್ಚಿನ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ತಂತ್ರಾಂಶವಂತೂ ತನ್ನ ಇಡೀ ಮುಖವನ್ನು ಕ್ರೋಮಿಯಂ ಎಂಬ ಬ್ರೌಸರ್ ಎಂಜಿನ್ನಿನಿಂದಲೇ ಬರೆಯಿಸಿಕೊಳ್ಳುತ್ತದೆ. ಹೊರಗಿನ ಮನೆ ಒಂದು ಭಾಷೆಯಲ್ಲಿ ಕಟ್ಟಿದ್ದು, ಒಳಗಿನ ಕೋಣೆ ಇನ್ನೊಂದು ಭಾಷೆಯಲ್ಲಿ ಮಾತಾಡುತ್ತದೆ. ಹೊರಗಿನ ಮನೆಯವರು ಒಳಗಿನ ಪುಟದ ಸ್ಕ್ರಿಪ್ಟಿಗೆ ಕೆಲಸ ಹೇಳುವುದು ಹೇಗೆ, ಉತ್ತರ ಪಡೆಯುವುದು ಹೇಗೆ, ಎಷ್ಟು ಅಧಿಕಾರ ಕೊಡಬೇಕು ಎಂಬುದು ಈ ಬರಹದ ವಿಷಯ.

ಸಾಹಿತ್ಯದ ಬಳಗವೊಂದು ಇದನ್ನೇಕೆ ಎತ್ತಿಕೊಂಡಿತು ಎಂಬ ಪ್ರಶ್ನೆ ಸಹಜ. ಮುಂಬಯಿಯಲ್ಲಿರುವ ನಮ್ಮ ಚಿಕ್ಕ ಬಳಗದ ಬಳಿ ಹಲವು ವರ್ಷಗಳ ವಿಶೇಷಾಂಕಗಳ ಅಕ್ಷರಜೋಡಣೆಯ ಕಡತಗಳಿವೆ. ಮುದ್ರಿತ ಪ್ರತಿಗಳು ಅಲ್ಲಲ್ಲಿ ಗೆದ್ದಲು ಹಿಡಿದಿವೆ, ಕಡತಗಳು ಸಿ.ಡಿ.ಗಳಲ್ಲಿ ಉಳಿದಿವೆ. ಅವನ್ನೆಲ್ಲ ಒಂದೆಡೆ ಸೇರಿಸಿ, ಬೇಕಾದ ಪದವನ್ನು ಹುಡುಕಿ ಓದುವಂತಹ ಒಂದು ತಂತ್ರಾಂಶವನ್ನು ಮಾಡಿಕೊಳ್ಳೋಣವೆಂದು ನಮ್ಮಲ್ಲಿ ನಾಲ್ಕೈದು ಮಂದಿ ಹೊರಟೆವು. ಅದೇ ದಿನಗಳಲ್ಲಿ ಡೊಂಬಿವಲಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದರು. "ನಮ್ಮ ಅಪ್ಪ ರಾತ್ರಿಶಾಲೆಯ ಬಗ್ಗೆ ನಿಮ್ಮ ಅಂಕದಲ್ಲಿ ಬರೆದಿದ್ದರಂತೆ. ಯಾವ ವರ್ಷವೋ ಗೊತ್ತಿಲ್ಲ. ವರ್ಷಾಂತಿಕಕ್ಕೆ ಮೊದಲು ಒಂದು ಪ್ರತಿ ಸಿಕ್ಕರೆ ಉಪಕಾರವಾಗುತ್ತಿತ್ತು" ಎಂದರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಮೇಲೆ ಬಂದ ಒಂದು ತಲೆಮಾರಿನ ಕಥೆ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಅದನ್ನು ಬರೆದಿಟ್ಟವರು ಕಡಮೆ. ಬರೆದವರೂ ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ.

ಕಡತ ಇದ್ದರೆ ಹುಡುಕುವುದಕ್ಕೇನು ಕಷ್ಟ ಎನ್ನಬಹುದು. ಕಷ್ಟ ಇರುವುದು ಲಿಪಿಯಲ್ಲಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನವಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಅಕ್ಷರಶೈಲಿಯೊಂದಿಗೆ ಕನ್ನಡವನ್ನು ತೋರಿಸತೊಡಗಿತು. ಆದರೆ ನಮ್ಮ ಮುದ್ರಣದ ಲೋಕ ಅದರ ನಂತರವೂ ಬಹುಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲೇ ನಡೆಯಿತು. ಆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಗಣಕದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಆ ಮಾರುವೇಷವೂ ಕಳಚಿಬೀಳುತ್ತದೆ. 'ರಾತ್ರಿಶಾಲೆ' ಎಂದು ಎಷ್ಟು ಹುಡುಕಿದರೂ ಒಂದೂ ಸಿಗುವುದಿಲ್ಲ.

ಇದನ್ನು ಯೂನಿಕೋಡಿಗೆ ತರುವುದು ಒಂದು ಅಕ್ಷರದ ಬದಲು ಇನ್ನೊಂದನ್ನಿಡುವಷ್ಟು ಸುಲಭವಲ್ಲ. 'ವರ್ಗ' ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ವ, ಆಮೇಲೆ ಗ, ಕೊನೆಗೆ ಅರ್ಕಾವತ್ತು ಎಂಬ ಕ್ರಮದಲ್ಲಿ ಚೂರುಗಳು ಕುಳಿತಿರುತ್ತವೆ, ಏಕೆಂದರೆ ಕಣ್ಣು ನೋಡುವ ಕ್ರಮ ಅದು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮವೇ ಕ್ರಮ: ವ, ರ, ಹಲಂತ, ಗ. ಆದುದರಿಂದ ಅರ್ಕಾವತ್ತು ಕಂಡಾಗಲೆಲ್ಲ ಹಿಂದಿನ ಇಡೀ ಅಕ್ಷರವನ್ನು, ಅದರ ಕಾಗುಣಿತ ಮತ್ತು ಒತ್ತುಗಳ ಸಮೇತ, ದಾಟಿ ಹಿಂದಕ್ಕೆ ಹೋಗಿ ರಕಾರವನ್ನು ಮುಂದೆ ಕೂರಿಸಬೇಕು. ಇಂತಹ ನಿಯಮಗಳು ಹಲವಾರು. ಅವನ್ನೆಲ್ಲ ಬಲ್ಲ ಒಂದು ಪರಿವರ್ತಕ ನಮ್ಮ ಕೈಯಲ್ಲಿ ಆಗಲೇ ಇತ್ತು. ಆದರೆ ಅದು ವೆಬ್ ಪುಟವೊಂದರ ಒಳಗೆ, ಜಾವಾಸ್ಕ್ರಿಪ್ಟಿನಲ್ಲಿತ್ತು. ನಮ್ಮ ಹುಡುಕಾಟದ ತಂತ್ರಾಂಶವಾದರೋ ಸಿ ಶಾರ್ಪ್ ಭಾಷೆಯಲ್ಲಿ ಬೆಳೆಯುತ್ತಿತ್ತು.

ಎದುರಿಗಿದ್ದ ದಾರಿಗಳು ಎರಡು. ಪರಿವರ್ತಕವನ್ನು ಸಿ ಶಾರ್ಪಿನಲ್ಲಿ ಮತ್ತೆ ಬರೆಯುವುದು, ಇಲ್ಲವೇ ಆ ಪುಟವನ್ನೇ ನಮ್ಮ ತಂತ್ರಾಂಶದೊಳಗಿನ ಬ್ರೌಸರಿನಲ್ಲಿ ಕೂರಿಸಿ ಅದರ ಸ್ಕ್ರಿಪ್ಟನ್ನು ಹೊರಗಿನಿಂದ ಕರೆಯುವುದು. ಆ ನಿಯಮಗಳ ಪಟ್ಟಿಯನ್ನು ಅನೇಕರು, ಬೇರೆ ಬೇರೆ ವರ್ಷಗಳಲ್ಲಿ, ಒಂದೊಂದು ಒತ್ತಕ್ಷರಕ್ಕಾಗಿ ತಲೆಕೆಡಿಸಿಕೊಂಡು ತಿದ್ದಿದ್ದರು. ಮತ್ತೆ ಬರೆದರೆ ಎರಡು ಪಟ್ಟಿಗಳಾಗುತ್ತವೆ. ಇಲ್ಲಿ ತಿದ್ದಿದ್ದು ಅಲ್ಲಿಗೆ ಹೋಗದು. ನಾವು ಎರಡನೆಯ ದಾರಿಯನ್ನೇ ಹಿಡಿದೆವು. ಲೇಖನಗಳನ್ನು ತೋರಿಸಲು ಹೇಗೂ ಆ ಒಳಕಿಟಕಿ ಬೇಕಾಗಿತ್ತು: ಪದ್ಯದ ಸಾಲು, ಅಡಿಟಿಪ್ಪಣಿ, ಸಿಕ್ಕ ಪದದ ಮೇಲೆ ಹಳದಿ ಗುರುತು ಇವನ್ನೆಲ್ಲ ಪುಟದಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸದು.

ಈ ವಿದ್ಯೆ ಹೊಸದೇನಲ್ಲ. ಬ್ರೆಂಡನ್ ಐಕ್ ಅವರು 1995ರಲ್ಲಿ ನೆಟ್‌ಸ್ಕೇಪಿಗಾಗಿ ಜಾವಾಸ್ಕ್ರಿಪ್ಟನ್ನು ರೂಪಿಸಿದ್ದು ಪುಟಗಳಿಗೆ ಒಂದಿಷ್ಟು ಚುರುಕು ತುಂಬುವುದಕ್ಕೆ. ಆ ದಶಕ ಮುಗಿಯುವುದರೊಳಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಹೊಟ್ಟೆಯನ್ನು ಇತರ ತಂತ್ರಾಂಶಗಳು ಎರವಲು ಪಡೆಯುವ ಪದ್ಧತಿ ವಿಂಡೋಸಿನಲ್ಲಿ ಬೇರೂರಿತ್ತು. 2005ರ ಡಾಟ್‌ನೆಟ್ 2.0 ಅದನ್ನು 'ವೆಬ್‌ಬ್ರೌಸರ್' ಎಂಬ ಸಿದ್ಧ ಉಪಕರಣವಾಗಿ ಕೊಟ್ಟಿತು. ಪುಟದ ಯಾವುದೇ ಕಾರ್ಯವನ್ನು ಹೆಸರು ಹಿಡಿದು ಕರೆಯಲು ಅದರಲ್ಲಿ 'ಇನ್‌ವೋಕ್‌ಸ್ಕ್ರಿಪ್ಟ್' ಎಂಬ ಸೌಲಭ್ಯವಿದೆ: ಕಾರ್ಯದ ಹೆಸರು ಹೇಳಿ, ಕೊಡಬೇಕಾದ ಸಾಮಗ್ರಿ ಕೊಟ್ಟರೆ, ಉತ್ತರ ಆ ಕ್ಷಣವೇ ಕೈಗೆ. ಮರುದಿಕ್ಕಿನಲ್ಲಿ, ಹೊರಗಿನ ತಂತ್ರಾಂಶ ತನ್ನದೊಂದು ವಸ್ತುವನ್ನು ಪುಟಕ್ಕೆ ಒಪ್ಪಿಸಿದರೆ ಪುಟವು 'ವಿಂಡೋ ಎಕ್ಸ್‌ಟರ್ನಲ್' ಎಂಬ ಹೆಸರಿನಿಂದ ಅದನ್ನು ಕರೆಯಬಲ್ಲದು.

ಆ ಹಳೆಯ ಉಪಕರಣಕ್ಕೆ ಒಂದು ವಿಚಿತ್ರ ಸ್ವಭಾವವಿತ್ತು. ಗಣಕದಲ್ಲಿ ಎಕ್ಸ್‌ಪ್ಲೋರರಿನ ಹನ್ನೊಂದನೆಯ ಆವೃತ್ತಿಯೇ ಇದ್ದರೂ, ಒಳಗೆ ಕೂರಿಸಿದಾಗ ಅದು ಏಳನೆಯ ಆವೃತ್ತಿಯಂತೆ ವರ್ತಿಸುತ್ತಿತ್ತು. ಹಳೆಯ ತಂತ್ರಾಂಶಗಳು ಕೆಡಬಾರದೆಂಬ ಕಾಳಜಿಯೇ ಇದಕ್ಕೆ ಕಾರಣ. ರಿಜಿಸ್ಟ್ರಿಯಲ್ಲಿ ನಮ್ಮ ತಂತ್ರಾಂಶದ ಕಡತದ ಹೆಸರಿನ ಮುಂದೆ 11000 ಎಂಬ ಸಂಖ್ಯೆ ಬರೆದರೆ ಮಾತ್ರ ಅದು ತನ್ನ ನಿಜವಾದ ವಯಸ್ಸನ್ನು ಒಪ್ಪಿಕೊಳ್ಳುತ್ತಿತ್ತು. ಬ್ರೌಸರಿನಲ್ಲಿ ಸೊಗಸಾಗಿ ಓಡುವ ಸ್ಕ್ರಿಪ್ಟು ತಂತ್ರಾಂಶದ ಒಳಗೆ ಮುಗ್ಗರಿಸಿದರೆ ಮೊದಲು ಇದನ್ನೇ ನೋಡಬೇಕು. 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ ಬ್ರೌಸರ್ ನಿವೃತ್ತವಾಯಿತು. ಅದರ ಎಂಜಿನ್ ವಿಂಡೋಸಿನ ಒಳಗೆ ಇನ್ನೂ ಉಳಿದಿದೆ. ಆದರೆ ಹೊಸ ಕೆಲಸಕ್ಕೆ ಅದನ್ನು ನೆಚ್ಚುವುದು ಬೀಳಲಿರುವ ಗೋಡೆಗೆ ಒರಗಿದಂತೆ. ಕ್ರೋಮಿಯಂ ಆಧಾರದ 'ವೆಬ್‌ವ್ಯೂ2' ಇಂದು ಅದರ ಜಾಗದಲ್ಲಿದೆ. ನಾವು ಕಟ್ಟಿದ್ದೂ ಅದರ ಮೇಲೆಯೇ.

ಹೊಸದರ ನಡವಳಿಕೆ ಬೇರೆ. ಹಳೆಯದು ಹೊರಗಿನ ತಂತ್ರಾಂಶದೊಡನೆ ಒಂದೇ ಪ್ರಕ್ರಿಯೆಯಲ್ಲಿ ಬದುಕುತ್ತಿತ್ತು. ಅದಕ್ಕೇ ಉತ್ತರ ತಕ್ಷಣ ಸಿಗುತ್ತಿತ್ತು, ಮತ್ತು ಸ್ಕ್ರಿಪ್ಟು ದೀರ್ಘವಾದರೆ ಇಡೀ ಕಿಟಕಿ ಮರಗಟ್ಟುತ್ತಿತ್ತು. ವೆಬ್‌ವ್ಯೂ2 ಬೇರೆ ಪ್ರಕ್ರಿಯೆಯಲ್ಲಿ ಓಡುತ್ತದೆ. ಒಂದೇ ಕಿಟಕಿಯಲ್ಲಿ ಕಂಡರೂ ಇವು ನೆರೆಮನೆಗಳು. 'ಎಕ್ಸಿಕ್ಯೂಟ್‌ಸ್ಕ್ರಿಪ್ಟ್‌ಅಸಿಂಕ್' ಎಂದು ಕರೆದರೆ ಸ್ಕ್ರಿಪ್ಟಿನ ಪಠ್ಯ ಆಚೆಗೆ ಹೋಗುತ್ತದೆ. ಉತ್ತರ ಆಮೇಲೆ ಬರುತ್ತದೆ. ಇಲ್ಲಿ ಅವಸರಪಟ್ಟು ಉತ್ತರ ಬರುವವರೆಗೆ ಕದಲುವುದಿಲ್ಲ ಎಂದು ಹಠ ಹಿಡಿದರೆ ಎರಡೂ ಕಡೆ ನಿಂತುಹೋಗುತ್ತದೆ. ಕಾರಣ ಸರಳ: ಕಿಟಕಿಯನ್ನು ನೋಡಿಕೊಳ್ಳುವ ಎಳೆ ಒಂದೇ, ಉತ್ತರ ಬಂದು ತಲುಪಬೇಕಾದದ್ದೂ ಅದೇ ಎಳೆಗೆ. ಬಾಗಿಲಿಗೆ ಅಡ್ಡ ನಿಂತು, ಅದೇ ಬಾಗಿಲಿನಿಂದ ಬರಬೇಕಾದವರಿಗಾಗಿ ಕಾದಂತೆ. ಕೇಳಿ, ಬದಿಗೆ ಸರಿದು, ಬೇರೆ ಕೆಲಸ ಮಾಡಿಕೊಂಡು, ಉತ್ತರ ಬಂದಾಗ ತೆಗೆದುಕೊಳ್ಳುವುದೇ ಇಲ್ಲಿಯ ಕ್ರಮ.

ಕೇಳುವುದಕ್ಕೂ ಸಮಯವಿದೆ. ಪುಟದ ವಿಳಾಸ ಕೊಟ್ಟ ಕೂಡಲೇ ಪುಟ ಬಂದಿರುವುದಿಲ್ಲ. ಆಗ ಪರಿವರ್ತಕವನ್ನು ಕರೆದರೆ ಅಂತಹ ಕಾರ್ಯವೇ ಇಲ್ಲ. ಪುಟ ತಲುಪಿತೆಂಬ ಘೋಷಣೆಗಾಗಿ ಕಾಯಬೇಕು. ಅದೂ ಕೆಲವೊಮ್ಮೆ ಸಾಲದು. ನಮ್ಮ ಪರಿವರ್ತಕದ ಪುಟ ತೆರೆದ ಮೇಲೆ ನಿಯಮಗಳ ಪಟ್ಟಿಯನ್ನು ಬೇರೆ ಕಡತದಿಂದ ತರಿಸಿಕೊಳ್ಳುತ್ತದೆ. ಅದು ಬಂದದ್ದು ಪುಟಕ್ಕೆ ಮಾತ್ರ ಗೊತ್ತು. ಆದುದರಿಂದ ಪುಟವೇ 'ಸಿದ್ಧ' ಎಂದು ಹೊರಗೆ ಸಂದೇಶ ಕಳುಹಿಸಿದ ಮೇಲೆಯೇ ನಾವು ಮೊದಲ ಲೇಖನವನ್ನು ಕೊಡುವುದೆಂದು ಗೊತ್ತುಮಾಡಿದೆವು. ಇದರ ಜೊತೆ ಇನ್ನೊಂದು ಸೂಕ್ಷ್ಮವಿದೆ. ತಡವಾಗಿ ಉತ್ತರಿಸುವ ಕಾರ್ಯವನ್ನು, ಎಂದರೆ 'ಪ್ರಾಮಿಸ್' ಕೊಡುವಂಥದನ್ನು, ಹಾಗೆಯೇ ಕರೆದರೆ ವೆಬ್‌ವ್ಯೂ2 ಅದು ಪೂರ್ಣವಾಗುವವರೆಗೆ ಕಾಯುವುದಿಲ್ಲ. ಖಾಲಿ ವಸ್ತುವೊಂದು ಮರಳುತ್ತದೆ. ಅಂತಹ ಉತ್ತರವೂ ಸಂದೇಶದ ಮೂಲಕವೇ ಬರಬೇಕು.

ಏನನ್ನು ಕೊಡುತ್ತೇವೆ ಎಂಬುದು ಇನ್ನೂ ದೊಡ್ಡ ಮಾತು. ಸ್ಕ್ರಿಪ್ಟು ಎಂದರೆ ಆಜ್ಞೆ; ಲೇಖನ ಎಂದರೆ ಸಾಮಗ್ರಿ. 'ಪರಿವರ್ತಿಸು' ಎಂಬ ಆಜ್ಞೆಯ ಪಕ್ಕದಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಲೇಖನವನ್ನು ಅಂಟಿಸಿ ಕಳುಹಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಲೇಖನದೊಳಗೆ ಸಂಭಾಷಣೆ ಬಂದು, ಅದರಲ್ಲೊಂದು ಉದ್ಧರಣ ಚಿಹ್ನೆ ಇದ್ದರೆ, ಸ್ಕ್ರಿಪ್ಟಿಗೆ ಮಾತು ಅಲ್ಲಿಗೇ ಮುಗಿಯಿತೆಂದು ತೋರುತ್ತದೆ. ಉಳಿದ ಲೇಖನವನ್ನು ಅದು ಆಜ್ಞೆಯೆಂದೇ ಓದಲು ಹೊರಡುತ್ತದೆ. ಯಾರಾದರೂ ದುರುದ್ದೇಶದಿಂದ ಆ ಜಾಗದಲ್ಲಿ ನಿಜವಾದ ಆಜ್ಞೆಯನ್ನೇ ಇಟ್ಟಿದ್ದರೆ ಅದು ನಡೆದೂಹೋಗುತ್ತದೆ. ಇದಕ್ಕೆ ಮದ್ದು, ಸಾಮಗ್ರಿಯನ್ನು ಜೇಸನ್ ಎಂಬ ಕಟ್ಟಿನಲ್ಲಿ ಕಟ್ಟಿಯೇ ಕೊಡುವುದು; ಇನ್ನೂ ಒಳ್ಳೆಯದು, ಆಜ್ಞೆಯನ್ನು ಬಿಟ್ಟು ಬರಿಯ ಸಂದೇಶವಾಗಿ ಕಳುಹಿಸುವುದು. ಡಾಟ್‌ನೆಟ್ಟಿನ ಹೊಸ ಜೇಸನ್ ಗ್ರಂಥಾಲಯವು ಕನ್ನಡದ ಪ್ರತಿ ಅಕ್ಷರವನ್ನೂ ಅದರ ಸಂಕೇತಸಂಖ್ಯೆಯಾಗಿ ಬರೆದು ಕಟ್ಟುತ್ತದೆ. ನೋಡಿದವರು ಕನ್ನಡ ಹಾಳಾಯಿತೆಂದು ಗಾಬರಿಯಾಗುವುದುಂಟು; ಆಚೆ ಬದಿಯಲ್ಲಿ ಬಿಚ್ಚಿದರೆ ಕನ್ನಡ ಕನ್ನಡವಾಗಿಯೇ ಹೊರಬರುತ್ತದೆ. ಉತ್ತರವೂ ಜೇಸನ್ ಕಟ್ಟಿನಲ್ಲೇ ಬರುವುದರಿಂದ ಅದನ್ನೂ ಬಿಚ್ಚಿಯೇ ಓದಬೇಕು. ಇಲ್ಲವಾದರೆ ಪ್ರತಿ ಲೇಖನದ ಹಿಂದುಮುಂದೆ ಎರಡು ಹೆಚ್ಚಿನ ಚಿಹ್ನೆಗಳು ಅಂಟಿಕೊಂಡು ಉಳಿಯುತ್ತವೆ.

ಎಣಿಕೆಯ ವಿಚಾರದಲ್ಲಿ ಮಾತ್ರ ಎರಡು ಮನೆಗಳೂ ಒಂದೇ. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ. ಸಿ ಶಾರ್ಪಿಗೂ ಜಾವಾಸ್ಕ್ರಿಪ್ಟಿಗೂ ಆರು: ಸ, ಹಲಂತ, ತ, ಹಲಂತ, ರ, ದೀರ್ಘದ ಈಕಾರ. ಎರಡೂ ಒಂದೇ ರೀತಿ ಎಣಿಸುವುದರಿಂದ ಹೊರಗೆ ಹುಡುಕಿ ಸಿಕ್ಕಿದ ಸ್ಥಾನವನ್ನು ಒಳಗಿನ ಪುಟಕ್ಕೆ ಹೇಳಿ ಅಲ್ಲಿಯೇ ಹಳದಿ ಬಣ್ಣ ಬಳಿಸಬಹುದು. ಆದರೆ ಆ ಸ್ಥಾನ ಒತ್ತಕ್ಷರದ ನಡುವೆ ಬಿದ್ದರೆ ಅಕ್ಷರ ಒಡೆಯುತ್ತದೆ. ಗುರುತನ್ನು ಅಕ್ಷರದ ಗಡಿಗೆ ಸರಿಸುವ ಚಿಕ್ಕ ಕಾರ್ಯವೊಂದು ಪುಟದಲ್ಲಿ ಬೇಕಾಯಿತು. ಅದಲ್ಲದೆ 'ಕೋ' ಎಂಬುದನ್ನು ಓಕಾರದ ಒಂದೇ ಚಿಹ್ನೆಯಾಗಿಯೂ, ಎಕಾರ, ಊಕಾರ, ದೀರ್ಘ ಎಂದು ಬಿಡಿಬಿಡಿಯಾಗಿಯೂ ಬರೆದಿಡಲು ಯೂನಿಕೋಡಿನಲ್ಲಿ ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಪರಿವರ್ತಕದಿಂದ ಬಂದದ್ದನ್ನೂ ಓದುಗರು ಬೆರಳಚ್ಚು ಮಾಡಿದ್ದನ್ನೂ 'ನಾರ್ಮಲೈಸ್' ಎಂಬ ಒಂದೇ ಸಾಣೆಗೆ ಹಿಡಿದರೆ ಈ ಭೇದ ಅಳಿಯುತ್ತದೆ.

ಇನ್ನುಳಿದದ್ದು ಬಾಗಿಲಿನ ಅಗಲ. ಒಳಗಿನ ಪುಟಕ್ಕೆ ಲೇಖನದ ಕಡತ ಬೇಕು. ಬ್ರೌಸರಿನ ಪುಟ ತಾನಾಗಿ ಗಣಕದ ಕಡತಗಳನ್ನು ಮುಟ್ಟಲಾರದು. ತಂತ್ರಾಂಶವು ತನ್ನ ಕಡತ ವಿಭಾಗವನ್ನೇ ಇಡಿಯಾಗಿ ಪುಟದ ಕೈಗೆ ಕೊಡಬಹುದು, ಕೆಲಸ ಹಗುರಾಗುತ್ತದೆ. ಆದರೆ ಆ ಕೀಲಿಕೈ ಪುಟದ ಹೆಸರಿಗೆ ಕೊಟ್ಟದ್ದಲ್ಲ, ಆ ಕೋಣೆಗೆ ಕೊಟ್ಟದ್ದು. ಲೇಖನದ ಕೊಂಡಿಯೊಂದನ್ನು ಒತ್ತಿ ಅದೇ ಕಿಟಕಿಯಲ್ಲಿ ಹೊರಗಿನ ಪುಟವೊಂದು ತೆರೆದುಕೊಂಡರೆ, ಅದರ ಸ್ಕ್ರಿಪ್ಟೂ ಅದೇ ಕೀಲಿಕೈಯಿಂದ ಓದಬಲ್ಲದು, ಅಳಿಸಬಲ್ಲದು. ಮುಂಬಯಿಯ ಕಟ್ಟಡಗಳಲ್ಲಿ ಬಾಳಿದವರಿಗೆ ಇದು ಅರ್ಥವಾಗುತ್ತದೆ: ಪಕ್ಕದ ಮನೆಯವರಿಗೆ ಕೀಲಿ ಕೊಡುತ್ತೇವೆ, ಕಪಾಟಿನ ಕೀಲಿಯನ್ನಲ್ಲ. ನಾವು ಪುಟಕ್ಕೆ ಮೂರೇ ಕೆಲಸಗಳನ್ನು ಒಪ್ಪಿಸಿದೆವು: ಈ ಸಂಖ್ಯೆಯ ಲೇಖನ ಕೊಡು, ಪರಿವರ್ತಿಸಿದ್ದು ಇಲ್ಲಿದೆ, ಓದುಗರು ಈ ಪದ ಹುಡುಕಿದರು. ಅಳಿಸುವ ಕೆಲಸವೇ ಪಟ್ಟಿಯಲ್ಲಿಲ್ಲ. ಬಂದ ಸಂದೇಶ ಯಾವ ವಿಳಾಸದ ಪುಟದಿಂದ ಬಂತೆಂದು ಪ್ರತಿ ಸಲ ನೋಡುತ್ತೇವೆ. ಹೊರಗಿನ ಕೊಂಡಿಗಳನ್ನು ಒಳಕಿಟಕಿಯಲ್ಲಿ ತೆರೆಯಗೊಡದೆ ಗಣಕದ ಸಾಮಾನ್ಯ ಬ್ರೌಸರಿಗೆ ದಾಟಿಸುತ್ತೇವೆ.

ಇದೇ ವಿದ್ಯೆಯಿಂದ ಪರರ ಪುಟಗಳೊಳಗೂ ನಮ್ಮ ಸ್ಕ್ರಿಪ್ಟನ್ನು ನುಗ್ಗಿಸಬಹುದು. ಗ್ರಂಥಾಲಯವೊಂದರ ಹುಡುಕು ಪುಟವನ್ನು ಒಳಗೆ ತೆರೆದು, ಶೀರ್ಷಿಕೆಯ ಚೌಕಗಳನ್ನು ತಂತ್ರಾಂಶವೇ ತುಂಬಿ, ಬಂದದ್ದನ್ನು ಹೆಕ್ಕಿ ತರಲಿ ಎಂಬ ಸಲಹೆ ನಮ್ಮಲ್ಲಿಯೂ ಬಂತು. ತಾಂತ್ರಿಕವಾಗಿ ಅಡ್ಡಿಯಿಲ್ಲ. ಆದರೆ ಆ ಪುಟದವರು ನಾಳೆ ಒಂದು ಚೌಕದ ಹೆಸರು ಬದಲಿಸಿದರೆ ನಮ್ಮ ಕೆಲಸ ನಿಂತುಹೋಗುತ್ತದೆ, ಅವರು ಅದಕ್ಕೆ ಹೊಣೆಗಾರರೂ ಅಲ್ಲ. ಪರರ ಅಡುಗೆಮನೆಯಲ್ಲಿ ಡಬ್ಬಿಗಳ ಜಾಗವನ್ನು ಕಂಠಪಾಠ ಮಾಡಿಕೊಂಡು ಅಡುಗೆ ಮಾಡುವುದು ಎಷ್ಟು ದಿನ? ಅವರನ್ನೇ ಕೇಳಿ ಪಟ್ಟಿಯನ್ನು ಪಡೆಯೋಣವೆಂದು ಆ ಸಲಹೆಯನ್ನು ಬದಿಗಿಟ್ಟೆವು.

ಡೊಂಬಿವಲಿಯವರ ತಂದೆಯ ಲೇಖನ ಸಿಕ್ಕಿತು. 'ರಾತ್ರಿಶಾಲೆ' ಎಂದು ಹುಡುಕಿದಾಗ ಸಿಕ್ಕಲಿಲ್ಲ. ಅವರು ಆ ಪದವನ್ನು ಎಲ್ಲಿಯೂ ಬಳಸಿರಲಿಲ್ಲ. ಲೇಖನದ ಉದ್ದಕ್ಕೂ ಅವರು ಬರೆದದ್ದು 'ರಾತ್ರಿ ವರ್ಗ' ಎಂದು, ಮರಾಠಿಯ ನೆರಳು ಬಿದ್ದ ನಮ್ಮೂರಿನ ಮಾತಿನಲ್ಲಿ. ಅರ್ಕಾವತ್ತು ತನ್ನ ಜಾಗಕ್ಕೆ ಬಂದು ಕುಳಿತದ್ದರಿಂದಲೇ 'ವರ್ಗ' ಎಂಬುದು ಹುಡುಕಾಟಕ್ಕೆ ಎಟುಕಿತು. ಆ ಎರಡು ಪುಟಗಳನ್ನು ಮುದ್ರಿಸಿ, ಮಾಟುಂಗದಲ್ಲಿ ಅವರ ಕೈಗೆ ಕೊಟ್ಟೆವು. ಅವರು ಓದಿ, "ಅಪ್ಪ ಮನೆಯಲ್ಲಿ ಹೀಗೆಯೇ ಹೇಳುತ್ತಿದ್ದುದು" ಎಂದರು. ಲೇಖನವನ್ನು ತಿದ್ದಿ 'ರಾತ್ರಿಶಾಲೆ' ಎಂದು ಮಾಡದೆ ಬಿಟ್ಟ ಅಂದಿನ ಸಂಪಾದಕರಿಗೂ ನಾವು ಕೃತಜ್ಞರು.

ಹೊರನಾಡಿನಲ್ಲಿ ಬದುಕುವವರು ಈ ಒಳಕಿಟಕಿಯ ವ್ಯವಹಾರವನ್ನು ಬೇಗ ಗುರುತಿಸಬಲ್ಲರೇನೋ. ಹೊರಗೆ ಒಂದು ಭಾಷೆ, ಒಳಗೆ ಒಂದು ಭಾಷೆ, ನಡುವೆ ಹೊಸ್ತಿಲು. ಯಾವಾಗ ಮಾತಾಡಬೇಕು, ಎಷ್ಟು ಹೇಳಬೇಕು, ಯಾರಿಗೆ ಬಾಗಿಲು ತೆರೆಯಬೇಕು ಎಂಬ ಎಚ್ಚರ ನಮಗೆ ನಿತ್ಯದ್ದು. ಆದರೆ ನಾವು ಕಲಿತ ಮುಖ್ಯ ಪಾಠ ಇದಕ್ಕಿಂತ ಬಿಗಿಯಾದದ್ದು. ಹಳೆಯ ಎಂಜಿನ್ ಹೋಗಿ ಹೊಸದು ಬಂದಂತೆ, ಹೊಸದೂ ಒಂದು ದಿನ ಹೋಗುತ್ತದೆ. ವೆಬ್‌ವ್ಯೂ2 ಸಾಮಾನ್ಯವಾಗಿ ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತ ನಮ್ಮ ಕಾಲಡಿಯಲ್ಲೇ ಬದಲಾಗುತ್ತಿರುತ್ತದೆ. ಆದುದರಿಂದ ಪರಿವರ್ತಿತ ಲೇಖನಗಳನ್ನು ತಂತ್ರಾಂಶದ ಹೊಟ್ಟೆಯಲ್ಲಾಗಲಿ ಪುಟದ ಹೊಟ್ಟೆಯಲ್ಲಾಗಲಿ ಇಡದೆ, ಯಾವ ಗಣಕವೂ ತೆರೆಯಬಲ್ಲ ಸಾದಾ ಯೂನಿಕೋಡ್ ಪಠ್ಯವಾಗಿ ಇಟ್ಟಿದ್ದೇವೆ. ಎರಡು ಮನೆಗಳ ನಡುವಿನ ಸೇತುವೆ ಮೂರು ಕೆಲಸಗಳಷ್ಟೇ ಅಗಲ. ಇನ್ನೊಂದು ಎಂಜಿನ್ನಿಗೆ ಹೋಗಬೇಕಾದಾಗ ಮತ್ತೆ ಬರೆಯಬೇಕಾದದ್ದು ಅಷ್ಟೇ.

ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳ ಕನ್ನಡ ಸಂಘಗಳ ಕಪಾಟುಗಳಲ್ಲಿಯೂ ಇಂತಹ ಸಿ.ಡಿ.ಗಳಿರಬೇಕು. ಇದ್ದರೆ, ಎಸೆಯುವ ಮೊದಲು ಎರಡು ಕೆಲಸ ಮಾಡಿ. ಕಡತಗಳನ್ನು ಬೇರೆ ಜಾಗಕ್ಕೆ ನಕಲಿಸಿಕೊಳ್ಳಿ. ಯಾವ ತಂತ್ರಾಂಶದ ಯಾವ ಫಾಂಟಿನಲ್ಲಿ ಜೋಡಿಸಿದ್ದೆಂದು ಆಗ ಅಕ್ಷರಜೋಡಣೆ ಮಾಡಿದವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಸ್ಕ್ರಿಪ್ಟನ್ನು ಯಾರಾದರೂ ಬರೆಯಬಲ್ಲರು, ಫಾಂಟಿನ ಹೆಸರನ್ನು ಹೇಳಬಲ್ಲವರು ಅವರೇ.